ಬೆಳಕಿನ ಸಂವೇದಕವಿರುವ ಡಿಸ್‌ಪ್ಲೇಗಳಲ್ಲಿ ತಂತಿಗಳ ನಡುವಿನ ಕ್ರಾಸ್‌ಟಾಕ್

ಪರದೆಯ ಗಾಜಿನ ಮೇಲೆ ಪಿಕ್ಸೆಲ್‌ಗಳ ಜೊತೆಗೇ ಬೆಳಕಿನ ಸಂವೇದಕಗಳನ್ನೂ ರಚಿಸಿದಾಗ, ಚಿತ್ರ ಬರೆಯುವ ತಂತಿಗಳೂ ಸಂವೇದಕವನ್ನು ಓದುವ ತಂತಿಗಳೂ ಕೆಲವೇ ಮೈಕ್ರೊಮೀಟರ್ ಅಂತರದಲ್ಲಿ ಒತ್ತೊತ್ತಾಗಿ ಹಾಯುತ್ತವೆ. ಒಂದು ತಂತಿಯ ವೋಲ್ಟೇಜ್ ಏರಿಳಿದರೆ ನೆರೆಯ ತಂತಿಯಲ್ಲಿ ಬೇಡದ ಸಂಕೇತ ಮೂಡುತ್ತದೆ. ಇದೇ ಕ್ರಾಸ್‌ಟಾಕ್. ಸಾಮಾನ್ಯ ಎಲ್‌ಸಿಡಿಯಲ್ಲೂ ಕ್ರಾಸ್‌ಟಾಕ್ ಉಂಟು. ಅಲ್ಲಿ ಅದು ಚಿತ್ರದ ಅಂದವನ್ನು ಸ್ವಲ್ಪ ಕೆಡಿಸುತ್ತದೆ, ಅಷ್ಟೆ. ಸಂವೇದಕವಿರುವ ಪರದೆಯಲ್ಲಾದರೆ ಅಳೆಯಬೇಕಾದ ಸಂಕೇತವನ್ನೇ ಮುಳುಗಿಸಬಲ್ಲದು. ಈ ಬಗೆಯ ಪರದೆಗಳಲ್ಲಿ ಸಂವೇದಕದ ಗುಣಕ್ಕಿಂತ ತಂತಿಗಳ ಜೋಡಣೆಯೇ ಎಷ್ಟೋ ಬಾರಿ ನಿರ್ಣಾಯಕವಾಗುವುದು ಈ ಕಾರಣಕ್ಕೆ.

ರಚನೆ

ಎಲ್‌ಸಿಡಿ ಪ್ಯಾನೆಲ್‌ನಲ್ಲಿ ಅಡ್ಡಲಾಗಿ ಗೇಟ್ ತಂತಿಗಳು, ಉದ್ದಕ್ಕೆ ಡೇಟಾ ತಂತಿಗಳು. ಇವು ಸಂಧಿಸುವ ಪ್ರತಿ ಮೂಲೆಯಲ್ಲೂ ಒಂದು ತೆಳುಪೊರೆ ಟ್ರಾನ್ಸಿಸ್ಟರ್ ಇದೆ. ಗೇಟ್ ತಂತಿ ಒಂದು ಸಾಲಿನ ಟ್ರಾನ್ಸಿಸ್ಟರ್‌ಗಳನ್ನೆಲ್ಲ ತೆರೆಯುತ್ತದೆ, ಡೇಟಾ ತಂತಿಗಳು ಆ ಸಾಲಿನ ಪಿಕ್ಸೆಲ್‌ಗಳಿಗೆ ಬೇಕಾದ ವೋಲ್ಟೇಜ್ ತುಂಬುತ್ತವೆ. ಬೆಳಕನ್ನು ಗ್ರಹಿಸಬೇಕಾದರೆ ಇದೇ ಜಾಲಕ್ಕೆ ಫೋಟೊಡಯೋಡ್ ಅಥವಾ ಫೋಟೊಟ್ರಾನ್ಸಿಸ್ಟರ್, ಅದನ್ನು ಮೊದಲ ಸ್ಥಿತಿಗೆ ತರುವ ರೀಸೆಟ್ ತಂತಿ, ಓದುವ ಸಾಲನ್ನು ಆರಿಸುವ ತಂತಿ, ಸಂಕೇತವನ್ನು ಅಂಚಿಗೆ ಒಯ್ಯುವ ಓದು ತಂತಿ ಸೇರಬೇಕು. ಹೀಗೆ ಸೇರಿಸಿದ ಪ್ರತಿ ತಂತಿಯೂ ಹಿಂಬೆಳಕು ಹಾಯುವ ಕಿಂಡಿಯನ್ನು ಕಿರಿದಾಗಿಸುವುದರಿಂದ ಅವನ್ನು ದೂರ ದೂರ ಇಡುವ ಸ್ವಾತಂತ್ರ್ಯ ವಿನ್ಯಾಸಕಾರರಿಗೆ ಇಲ್ಲ. ಕೆಲವು ವಿನ್ಯಾಸಗಳಲ್ಲಿ ಡೇಟಾ ತಂತಿಯೇ ಸರದಿಯ ಮೇಲೆ ಓದು ತಂತಿಯೂ ಆಗುತ್ತದೆ.

ಅಡಚಣೆಯ ಮೂಲ

ಎರಡು ಲೋಹದ ಪಟ್ಟಿಗಳ ನಡುವೆ ನಿರೋಧಕ ಪದರವಿದ್ದರೆ ಅದೊಂದು ಕೆಪಾಸಿಟರ್. ಒಂದು ಪಟ್ಟಿಯ ವೋಲ್ಟೇಜ್ ಬದಲಾದಾಗ ಇನ್ನೊಂದಕ್ಕೆ ನೂಕಲ್ಪಡುವ ಚಾರ್ಜ್, ಆ ಕೆಪಾಸಿಟೆನ್ಸ್ ಮತ್ತು ವೋಲ್ಟೇಜ್ ಬದಲಾವಣೆಗಳ ಗುಣಲಬ್ಧಕ್ಕೆ ಸಮ. ಕಾಂತೀಯ ಪ್ರೇರಣೆಯ ಪಾತ್ರ ಇಲ್ಲಿ ನಗಣ್ಯ: ತಂತಿಗಳು ತೆಳು, ರೋಧ ಹೆಚ್ಚು, ಹರಿಯುವ ವಿದ್ಯುತ್ ತೀರ ಕಡಿಮೆ. ಇನ್ನೊಂದು ದಾರಿ ಮಾತ್ರ ಗಮನಾರ್ಹ. ಎಲ್ಲ ಪಿಕ್ಸೆಲ್‌ಗಳಿಗೂ ಸಮಾನವಾದ ಕಾಮನ್ ಇಲೆಕ್ಟ್ರೋಡ್‌ಗೂ ರೋಧವಿದೆ. ಸಾವಿರಾರು ಡೇಟಾ ತಂತಿಗಳು ಒಟ್ಟಿಗೆ ಏರಿದಾಗ ಅದು ಕ್ಷಣಕಾಲ ತನ್ನ ಮಟ್ಟದಿಂದ ಕದಲುತ್ತದೆ, ಆ ಕದಲಿಕೆ ದೂರದ ಸಂವೇದಕಗಳಿಗೂ ತಲುಪುತ್ತದೆ.

ಸಮಸ್ಯೆಯ ತೀವ್ರತೆ ಅಂಕಿಗಳಲ್ಲಿ ಎದ್ದುಕಾಣುತ್ತದೆ. ಮಂದ ಬೆಳಕಿನಲ್ಲಿ ಸಂವೇದಕವೊಂದು 1 ಪಿಕೊಆಂಪಿಯರ್ ಹರಿಸುತ್ತದೆ ಎಂದುಕೊಳ್ಳೋಣ. ಸೆಕೆಂಡಿಗೆ 60 ಚಿತ್ರಗಳ ಪರದೆಯಲ್ಲಿ ಒಂದು ಚಿತ್ರದ ಅವಧಿ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಕೂಡುವ ಚಾರ್ಜ್ 16.7 ಫೆಮ್ಟೊಕೂಲಂಬ್, ಅಂದರೆ ಸುಮಾರು 1 ಲಕ್ಷ ಇಲೆಕ್ಟ್ರಾನ್‌ಗಳು. ಸಂವೇದಕಕ್ಕೂ ನೆರೆಯ ಡೇಟಾ ತಂತಿಗೂ ನಡುವೆ ಬರೀ 2 ಫೆಮ್ಟೊಫ್ಯಾರಡ್ ಕೆಪಾಸಿಟೆನ್ಸ್ ಇದ್ದು, ಆ ತಂತಿ 10 ವೋಲ್ಟ್ ಜಿಗಿದರೆ ಒಳನುಗ್ಗುವ ಚಾರ್ಜ್ 20 ಫೆಮ್ಟೊಕೂಲಂಬ್. ಬೆಳಕು ಇಡೀ ಚಿತ್ರಾವಧಿಯಲ್ಲಿ ಕೂಡಿಸಿದ್ದಕ್ಕಿಂತ ತಂತಿಯ ಒಂದು ಜಿಗಿತದ ಪಾಲೇ ಹೆಚ್ಚು. ಇದರ ಪಕ್ಕದಲ್ಲಿ ಉಷ್ಣಜನ್ಯ ಗದ್ದಲ ತೀರ ಸಣ್ಣದು: ಕೋಣೆಯ ತಾಪದಲ್ಲಿ 0.1 ಪಿಕೊಫ್ಯಾರಡ್‌ನ ಕೆಪಾಸಿಟರನ್ನು ರೀಸೆಟ್ ಮಾಡಿದಾಗ ಉಳಿಯುವ ಅನಿಶ್ಚಿತತೆ ಸುಮಾರು 127 ಇಲೆಕ್ಟ್ರಾನ್‌ಗಳಷ್ಟು ಮಾತ್ರ.

ಅಡಚಣೆಯನ್ನು ಎರಡಾಗಿ ವಿಂಗಡಿಸಿ ನೋಡುವುದು ಈ ಲೇಖಕರ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಗೇಟ್ ಮತ್ತು ರೀಸೆಟ್ ತಂತಿಗಳ ಏರಿಳಿತ ಪ್ರತಿ ಚಿತ್ರಕ್ಕೂ ಒಂದೇ ಬಗೆಯದು. ಅದರಿಂದಾಗುವ ದೋಷ ಎಷ್ಟೇ ದೊಡ್ಡದಿದ್ದರೂ ಸ್ಥಿರವಾದದ್ದು, ಒಮ್ಮೆ ಅಳೆದಿಟ್ಟರೆ ಕಳೆದುಬಿಡಬಹುದು. ಡೇಟಾ ತಂತಿಯ ಏರಿಳಿತ ಹಾಗಲ್ಲ. ಪರದೆಯ ಮೇಲೆ ಏನಿದೆ ಎಂಬುದರ ಮೇಲೆ ಅದು ಬದಲಾಗುತ್ತಲೇ ಇರುತ್ತದೆ. ಚಿತ್ರವನ್ನು ಅವಲಂಬಿಸಿದ ಈ ಎರಡನೆಯ ಬಗೆಯನ್ನು ಗಾಜಿನ ಮೇಲೆಯೇ ತಡೆಯಬೇಕು. ಮುಂದೆ ಲೆಕ್ಕದಲ್ಲಿ ಸರಿಪಡಿಸುವುದು ಬಹಳ ಕಷ್ಟ.

ಇತಿಹಾಸ

ತಂತಿಯಿಂದ ತಂತಿಗೆ ಸಂಕೇತ ಸೋರುವ ಸಮಸ್ಯೆ ಟೆಲಿಫೋನಿನಷ್ಟೇ ಹಳೆಯದು. ಆರಂಭದ ಟೆಲಿಫೋನ್ ವ್ಯವಸ್ಥೆಯಲ್ಲಿ ಒಬ್ಬೊಬ್ಬರಿಗೆ ಒಂದೇ ತಂತಿ, ಹಿಂದಿರುಗುವ ದಾರಿ ಭೂಮಿ. ಒಂದೇ ಕಂಬದ ಮೇಲೆ ಹತ್ತಾರು ತಂತಿ ಜೊತೆಜೊತೆಯಾಗಿ ಸಾಗುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಹೆಣೆದ ಜೋಡಿತಂತಿಗೆ ಪೇಟೆಂಟ್ ಪಡೆದರು. ಎರಡು ತಂತಿಗಳಿಗೂ ಅಡಚಣೆ ಸಮವಾಗಿ ತಗುಲಿದರೆ ಅವುಗಳ ವ್ಯತ್ಯಾಸದಲ್ಲಿ ಅದು ಕಾಣಿಸದು ಎಂಬುದು ಅದರ ಹಿಂದಿನ ತರ್ಕ.

ಅಡಚಣೆಯ ಸ್ವರೂಪವನ್ನು ಪ್ರಯೋಗದಿಂದ ಬಿಡಿಸಿಟ್ಟವರು ಅಮೆರಿಕದ ಟೆಲಿಫೋನ್ ಎಂಜಿನಿಯರ್ ಜಾನ್ ಜೆ. ಕಾರ್ಟಿ. 1890ರ ಸುಮಾರಿನವರೆಗೂ ತಂತಿಗಳ ನಡುವಿನ ಸೋರಿಕೆ ಕಾಂತೀಯ ಪ್ರೇರಣೆಯದು ಎಂಬ ನಂಬಿಕೆ ಬಲವಾಗಿತ್ತು. ಕಾರ್ಟಿ ಸಮಾನಾಂತರವಾಗಿ ಹಾಯುವ ಎರಡು ತಂತಿಗಳನ್ನು ತೆಗೆದುಕೊಂಡು, ಒಂದರಲ್ಲಿ ಸಂಕೇತ ಹರಿಸಿ, ಇನ್ನೊಂದರ ಎರಡೂ ತುದಿಗಳಲ್ಲಿ ಮತ್ತು ನಡುಮಧ್ಯೆ ಟೆಲಿಫೋನ್ ರಿಸೀವರ್‌ಗಳನ್ನು ಜೋಡಿಸಿದರು. ತುದಿಗಳಲ್ಲಿ ಸದ್ದು ಕೇಳಿತು, ನಡುವೆ ಕೇಳಲಿಲ್ಲ. ಕಾಂತೀಯ ಪ್ರೇರಣೆಯಾಗಿದ್ದರೆ ವಿದ್ಯುತ್ ಇಡೀ ತಂತಿಯುದ್ದಕ್ಕೂ ಒಂದೇ ದಿಕ್ಕಿಗೆ ಹರಿದು ನಡುವಿನ ರಿಸೀವರಿನಲ್ಲೂ ಸದ್ದಾಗಬೇಕಿತ್ತು. ಚಾರ್ಜ್ ನೇರವಾಗಿ ತಂತಿಯಿಂದ ತಂತಿಗೆ ಜಿಗಿದು ಅಲ್ಲಿಂದ ಎರಡೂ ತುದಿಗಳತ್ತ ಹರಿದುಹೋದಾಗ ಮಾತ್ರ ನಡುವಿನ ಬಿಂದು ಮೌನವಾಗುತ್ತದೆ. ಸೋರಿಕೆ ಮುಖ್ಯವಾಗಿ ಸ್ಥಿರವಿದ್ಯುತ್ ಬಗೆಯದು, ಅಂದರೆ ಇಂದಿನ ಮಾತಿನಲ್ಲಿ ಕೆಪಾಸಿಟಿವ್ ಎಂದು ಹೀಗೆ ಸಿದ್ಧವಾಯಿತು. ಸೋರಿಕೆ ಕಂಡಾಗ ಮೊದಲು ಕೆಪಾಸಿಟೆನ್ಸನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ, ಡಿಸ್‌ಪ್ಲೇ ಎಂಜಿನಿಯರುಗಳು ಇಂದು ಸಹಜವೆಂಬಂತೆ ಹಿಡಿಯುವ ದಾರಿಗೆ ಬುನಾದಿ ಈ ಪ್ರಯೋಗವೇ ಎನ್ನುವುದು ಅತಿಶಯೋಕ್ತಿಯಾಗಲಾರದು.

ದ್ರವ ಸ್ಫಟಿಕ ಪರದೆಗಳಲ್ಲಿ ಸಮಸ್ಯೆ ಮೊದಲು ಬೇರೆ ರೂಪದಲ್ಲಿ ಬಂತು. ಟ್ರಾನ್ಸಿಸ್ಟರ್ ಇಲ್ಲದ ಸರಳ ಜಾಲದಲ್ಲಿ ಒಂದು ಪಿಕ್ಸೆಲನ್ನು ಆರಿಸಿದರೆ ಅದೇ ಸಾಲಿನ, ಅದೇ ಕಂಬದ ಉಳಿದ ಪಿಕ್ಸೆಲ್‌ಗಳಿಗೂ ವೋಲ್ಟೇಜಿನ ಪಾಲು ಸಿಗುತ್ತದೆ. ಐಬಿಎಂನ ಪಾಲ್ ಆಲ್ಟ್ ಮತ್ತು ಪೀಟರ್ ಪ್ಲೆಷ್ಕೊ 1974ರಲ್ಲಿ ಇದಕ್ಕೊಂದು ಗಣಿತದ ಮಿತಿ ಕೊಟ್ಟರು: 100 ಸಾಲುಗಳಿದ್ದರೆ ಬೆಳಗಿದ ಮತ್ತು ಬೆಳಗದ ಪಿಕ್ಸೆಲ್‌ಗಳ ಪರಿಣಾಮಕಾರಿ ವೋಲ್ಟೇಜುಗಳ ಅನುಪಾತ 1.106ನ್ನು ಮೀರಲಾರದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಟಿ. ಎನ್. ರುಕ್ಮಾಂಗದನ್ ಹಲವು ಸಾಲುಗಳನ್ನು ಏಕಕಾಲಕ್ಕೆ ಆರಿಸುವ ಚಾಲನಾ ಕ್ರಮಗಳನ್ನು ರೂಪಿಸಿದರು. 1988ರಲ್ಲಿ ಪ್ರಕಟವಾದ ಅವರ ಸಾಮಾನ್ಯೀಕೃತ ವಿಧಾನ ಇಂತಹ ಪರದೆಗಳಿಗೆ ಬೇಕಾದ ವೋಲ್ಟೇಜನ್ನು ತಗ್ಗಿಸಿತು. ಸಂವೇದಕವಿರುವ ಪರದೆಗಳಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ತಂತಿಯ ವೋಲ್ಟೇಜ್ ಜಿಗಿತ ಕಡಿಮೆಯಾದಷ್ಟೂ ನೆರೆಗೆ ತಗುಲುವ ಪೆಟ್ಟು ಕಡಿಮೆ ಎಂಬ ಸೂತ್ರ ಎರಡೂ ಕಡೆ ಒಂದೇ.

ಪ್ರತಿ ಪಿಕ್ಸೆಲ್‌ಗೂ ಟ್ರಾನ್ಸಿಸ್ಟರ್ ಕೊಟ್ಟ ದ್ರವ ಸ್ಫಟಿಕ ಫಲಕವನ್ನು ವೆಸ್ಟಿಂಗ್‌ಹೌಸ್ ಸಂಸ್ಥೆಯ ಪೀಟರ್ ಬ್ರೋಡಿ ಮತ್ತು ಸಂಗಡಿಗರು 1973ರಲ್ಲಿ ತೋರಿಸಿದರು. ಅದೇ ಸಂಸ್ಥೆಯಲ್ಲಿ ಮಾರ್ವಿನ್ ವೈಟ್ ತಂಡ 1974ರಲ್ಲಿ ಕ್ಯಾಮೆರಾ ಚಿಪ್‌ಗಳಿಗಾಗಿ ಎರಡು ಬಾರಿ ಅಳೆದು ವ್ಯತ್ಯಾಸ ತೆಗೆಯುವ ವಿಧಾನವನ್ನು ಪ್ರಕಟಿಸಿತು. ಚಿತ್ರ ತೋರಿಸುವ, ಚಿತ್ರ ಹಿಡಿಯುವ ಈ ಎರಡು ಕೆಲಸಗಳು ಒಂದೇ ಗಾಜಿನ ಮೇಲೆ ಕೂಡಿಕೊಳ್ಳಲು ಮುಂದೆ ದಶಕಗಳೇ ಹಿಡಿದವು. 1979ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಲೆಕೋಂಬರ್, ಸ್ಪಿಯರ್ ಮತ್ತು ಗೈತ್ ಅವರು ಅಸ್ಫಟಿಕ ಸಿಲಿಕಾನಿನ ಟ್ರಾನ್ಸಿಸ್ಟರ್ ಮಾಡಿದರು. ಈ ಸಿಲಿಕಾನಿಗೆ ಬೆಳಕು ಬಿದ್ದರೆ ವಿದ್ಯುತ್ ಹರಿಯುತ್ತದೆ. ಎಲ್‌ಸಿಡಿ ತಯಾರಕರಿಗೆ ಅದು ತೊಡಕು. ಬೆಳಕು ಬೀಳದಂತೆ ಟ್ರಾನ್ಸಿಸ್ಟರನ್ನು ಲೋಹದಿಂದ ಮರೆಮಾಡುತ್ತಾರೆ. ಆ ಮರೆಯನ್ನು ಕೆಲವು ಕಡೆ ತೆಗೆದುಬಿಟ್ಟರೆ ಅದೇ ಟ್ರಾನ್ಸಿಸ್ಟರ್ ಸಂವೇದಕವಾಗುತ್ತದೆ. ಪ್ಲಾನರ್ ಸಿಸ್ಟಮ್ಸ್‌ನಲ್ಲಿ ವಿಲೆಮ್ ಡೆನ್ ಬೋರ್, ಆದಿ ಅಬಿಲೇಹ ಮುಂತಾದವರು 2003ರಲ್ಲಿ ಮಂಡಿಸಿದ ಬೆಳಕಿನ ಟಚ್ ಪರದೆ ಈ ಗುಣವನ್ನೇ ಬಳಸಿಕೊಂಡಿತು. ಅದೇ ವರ್ಷ ತೋಶಿಬಾ ಮತ್ಸುಶಿತಾ ಡಿಸ್‌ಪ್ಲೇ ಪಾಲಿಸಿಲಿಕಾನ್ ಪರದೆಯಲ್ಲಿ ಚಿತ್ರ ಹಿಡಿಯುವುದನ್ನು ತೋರಿಸಿತು. ಶಾರ್ಪ್ 2007ರಲ್ಲಿ ಪ್ರತಿ ಪಿಕ್ಸೆಲ್‌ನಲ್ಲೂ ಸಂವೇದಕವಿರುವ ಪರದೆಯನ್ನು ಘೋಷಿಸಿ, 2009ರಲ್ಲಿ ಮೆಬಿಯಸ್ ಹೆಸರಿನ ಪುಟ್ಟ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಆಗಿ 4 ಅಂಗುಲದ ಅಂತಹ ಪರದೆಯನ್ನು ಮಾರುಕಟ್ಟೆಗೆ ತಂದಿತು. ಸ್ಯಾಮ್‌ಸಂಗ್ ಮತ್ತು ಮೈಕ್ರೋಸಾಫ್ಟ್ 2011ರಲ್ಲಿ ಪ್ರಕಟಿಸಿದ ಎಸ್‌ಯುಆರ್40 ಎಂಬ 40 ಅಂಗುಲದ ಮೇಜುಪರದೆಯಲ್ಲಿ 1920×1080 ಪಿಕ್ಸೆಲ್‌ಗಳ ನಡುವೆ 960×540 ಅವಕೆಂಪು ಸಂವೇದಕಗಳಿದ್ದವು.

ಪದರ ಮತ್ತು ಅಂತರ

ಗಾಜಿನ ಮೇಲೆ ಮೊದಲು ನೋಡಬೇಕಾದದ್ದು ತಂತಿಗಳು ಒಂದನ್ನೊಂದು ದಾಟುವ ಜಾಗ. 5 ಮೈಕ್ರೊಮೀಟರ್ ಅಗಲದ ಎರಡು ತಂತಿಗಳು 0.3 ಮೈಕ್ರೊಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಪದರವನ್ನು ನಡುವಿಟ್ಟುಕೊಂಡು ಅಡ್ಡ ಹಾದರೆ, ಆ ಪದರದ ಡೈಎಲೆಕ್ಟ್ರಿಕ್ ಸ್ಥಿರಾಂಕ 6.5 ಎಂದು ಹಿಡಿದಾಗ, ಕೆಪಾಸಿಟೆನ್ಸ್ ಸುಮಾರು 4.8 ಫೆಮ್ಟೊಫ್ಯಾರಡ್. ಓದು ತಂತಿಯೊಂದು 1080 ಗೇಟ್ ತಂತಿಗಳನ್ನು ದಾಟಿದರೆ ಬರೀ ಈ ದಾಟುಗಳಿಂದಲೇ 5 ಪಿಕೊಫ್ಯಾರಡ್ ಮೀರುತ್ತದೆ. ನೈಟ್ರೈಡ್ ಬದಲು ಸ್ಥಿರಾಂಕ 3ರ ಆಸುಪಾಸಿನ ಸಾವಯವ ಪದರವನ್ನು 3 ಮೈಕ್ರೊಮೀಟರ್ ದಪ್ಪ ಹಾಕಿದರೆ ಒಂದೊಂದು ದಾಟಿನ ಕೆಪಾಸಿಟೆನ್ಸ್ ಇಪ್ಪತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಅಂಚಿನ ವಿದ್ಯುತ್ ಕ್ಷೇತ್ರವನ್ನು ಈ ಲೆಕ್ಕದಲ್ಲಿ ಬಿಟ್ಟಿರುವುದರಿಂದ ನಿಜವಾದ ಲಾಭ ಇದಕ್ಕಿಂತ ತುಸು ಕಡಿಮೆ. ದಾಟುವ ಕಡೆ ತಂತಿಯನ್ನು ಕಿರಿದಾಗಿಸುವುದು, ಸಮಾನಾಂತರವಾಗಿ ಓಡುವ ಉದ್ದವನ್ನು ತಗ್ಗಿಸುವುದು, ಓದು ತಂತಿಯನ್ನು ಡೇಟಾ ತಂತಿಯಿಂದ ಪಿಕ್ಸೆಲ್‌ನ ಮತ್ತೊಂದು ಬದಿಗೆ ಸರಿಸುವುದು ಎಲ್ಲ ಕಡೆ ರೂಢಿಯಲ್ಲಿದೆ.

ಶೀಲ್ಡ್

ಸ್ಥಿರ ವೋಲ್ಟೇಜಿನಲ್ಲಿಟ್ಟ ಪಾರದರ್ಶಕ ವಾಹಕ ಪದರವನ್ನು ಎರಡು ತಂತಿಗಳ ನಡುವೆ ಇಟ್ಟರೆ ವಿದ್ಯುತ್ ಕ್ಷೇತ್ರ ಅಲ್ಲೇ ಮುಗಿಯುತ್ತದೆ. ಕಾಗದದ ಮೇಲೆ ಇದು ಪೂರ್ಣ ಪರಿಹಾರ. ಗಾಜಿನ ಮೇಲೆ ಅದಕ್ಕೆ ಬೆಲೆ ತೆರಬೇಕು. ಇಂಡಿಯಂ ಟಿನ್ ಆಕ್ಸೈಡ್ ಪದರದ ರೋಧ ಲೋಹಕ್ಕಿಂತ ಬಹಳ ಹೆಚ್ಚಾದ್ದರಿಂದ ಪರದೆಯ ನಡುಭಾಗದಲ್ಲಿ ಶೀಲ್ಡೇ ಕ್ಷಣಕಾಲ ಕದಲಬಹುದು. ಎಲ್ಲಿಗೂ ಜೋಡಿಸದೆ ತೇಲಲು ಬಿಟ್ಟ ಶೀಲ್ಡ್ ಅಡಚಣೆಯನ್ನು ಇನ್ನಷ್ಟು ದೂರ ಹರಡುತ್ತದೆ. ಜೊತೆಗೆ ಶೀಲ್ಡ್ ಮತ್ತು ಓದು ತಂತಿಯ ನಡುವೆ ಹೊಸ ಕೆಪಾಸಿಟೆನ್ಸ್ ಹುಟ್ಟಿ ಓದು ತಂತಿ ಭಾರವಾಗುತ್ತದೆ. ಅದು ನೆಲೆಗೊಳ್ಳಲು ಹೆಚ್ಚು ಹೊತ್ತು ಬೇಕು, ಆಂಪ್ಲಿಫೈಯರಿನ ಗದ್ದಲವೂ ಏರುತ್ತದೆ. ಹಾಗಾಗಿ ಎಲ್ಲೆಡೆ ಹೊದಿಸುವ ಬದಲು ಸಂವೇದಕದ ಚಾರ್ಜ್ ಕೂಡುವ ಬಿಂದುವಿನ ಸುತ್ತ ಮಾತ್ರ ಶೀಲ್ಡ್ ಇಡುವುದು ಜಾಣತನ.

ಓದುವ ಹೊತ್ತು

ದೂರ ಮತ್ತು ಶೀಲ್ಡ್‌ಗಳಿಂದ ಆಗದೆ ಉಳಿದದ್ದನ್ನು ಸಮಯದ ಹೊಂದಾಣಿಕೆ ಸಾಧಿಸುತ್ತದೆ. ಪೂರ್ಣ ಎಚ್‌ಡಿ ಚಿತ್ರದ ಮಾನಕ ಸಮಯಕ್ರಮದಲ್ಲಿ ಕಾಣುವ ಸಾಲು 1080 ಇದ್ದರೂ ಲೆಕ್ಕಕ್ಕೆ 1125 ಸಾಲುಗಳು. ಸೆಕೆಂಡಿಗೆ 60 ಚಿತ್ರಗಳಾದರೆ ಒಂದು ಸಾಲಿಗೆ 14.8 ಮೈಕ್ರೊಸೆಕೆಂಡ್. ಸಾಲಿನಲ್ಲಿ ಎಣಿಕೆಗೆ ಬರುವ 2200 ಪಿಕ್ಸೆಲ್ ಅವಧಿಗಳಲ್ಲಿ ಚಿತ್ರಕ್ಕೆ ಬಳಕೆಯಾಗುವುದು 1920. ಉಳಿದ 280 ಬ್ಲಾಂಕಿಂಗ್, ಅಂದರೆ ಸುಮಾರು 1.9 ಮೈಕ್ರೊಸೆಕೆಂಡ್. ಡೇಟಾ ತಂತಿಗಳು ಕದಲದೆ ನಿಂತಿರುವ ಈ ಕಿರು ಬಿಡುವಿನಲ್ಲಿ ಸಂವೇದಕವನ್ನು ಓದಿದರೆ ಚಿತ್ರವನ್ನು ಅವಲಂಬಿಸಿದ ಜಿಗಿತ ಅಳತೆಯೊಳಗೆ ಬರುವುದಿಲ್ಲ. 2007ರ ಶಾರ್ಪ್ ವಿನ್ಯಾಸ ಈ ದಾರಿ ಹಿಡಿದು, ಡೇಟಾ ತಂತಿಗಳನ್ನೇ ಬಿಡುವಿನಲ್ಲಿ ಓದು ತಂತಿಗಳಾಗಿ ಬಳಸಿಕೊಂಡಿತು. ಹೆಚ್ಚುವರಿ ತಂತಿ ಬೇಕಾಗಲಿಲ್ಲ, ಕಿಂಡಿಯೂ ಕಿರಿದಾಗಲಿಲ್ಲ.

ತೊಡಕಿರುವುದು ಬಿಡುವಿನ ಗಾತ್ರದಲ್ಲಿ. ತಂತಿಯ ರೋಧ 5 ಕಿಲೊಓಮ್, ಕೆಪಾಸಿಟೆನ್ಸ್ 50 ಪಿಕೊಫ್ಯಾರಡ್ ಇದ್ದರೆ ಅದರ ಕಾಲಸ್ಥಿರಾಂಕ 0.25 ಮೈಕ್ರೊಸೆಕೆಂಡ್. ಹಿಂದಿನ ವೋಲ್ಟೇಜಿನ ಶೇಷ ಸಾವಿರದಲ್ಲಿ ಒಂದಕ್ಕೆ ಇಳಿಯಲು ಅಂತಹ 7 ಕಾಲಸ್ಥಿರಾಂಕಗಳು, ಅಂದರೆ 1.75 ಮೈಕ್ರೊಸೆಕೆಂಡ್ ಬೇಕು. ಬಿಡುವು ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿದುಹೋಯಿತು. ಅಷ್ಟು ಕಾದ ಮೇಲೂ 10 ವೋಲ್ಟ್ ಜಿಗಿತದ ಶೇಷ ಸುಮಾರು 9 ಮಿಲಿವೋಲ್ಟ್ ಉಳಿದಿರುತ್ತದೆ, ಅದು ಹಿಂದಿನ ಸಾಲಿನ ಚಿತ್ರದ ನೆನಪು. ಆದ್ದರಿಂದ ಓದುವ ಮುನ್ನ ತಂತಿಯನ್ನು ಗೊತ್ತಾದ ಮಟ್ಟಕ್ಕೆ ಬಲವಂತವಾಗಿ ಎಳೆಯುತ್ತಾರೆ. ಚಿತ್ರವನ್ನು ತುಸು ಬೇಗ ಬರೆದು ಬಿಡುವನ್ನು ಹಿಗ್ಗಿಸುವುದೂ ಉಂಟು. ಆಗ ಪಿಕ್ಸೆಲ್ ತುಂಬಲು ಸಿಗುವ ಸಮಯ ಕಡಿಮೆಯಾಗುತ್ತದೆ.

ಗೇಟ್ ತಂತಿಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೇಟ್ 25 ವೋಲ್ಟ್ ಏರಿದಾಗ 4.8 ಫೆಮ್ಟೊಫ್ಯಾರಡ್‌ನ ಒಂದೇ ದಾಟಿನಿಂದ 120 ಫೆಮ್ಟೊಕೂಲಂಬ್ ಒಳಬರುತ್ತದೆ. ಗೇಟ್ ಇಳಿದಾಗ ಅಷ್ಟೇ ಚಾರ್ಜ್ ಹೊರಹೋಗುತ್ತದೆ. ಚಾರ್ಜನ್ನು ಕೂಡಿಸುವ ಆಂಪ್ಲಿಫೈಯರಿನ ಅಳತೆಯ ಅವಧಿ ಈ ಏರು ಮತ್ತು ಇಳಿವು ಎರಡನ್ನೂ ಒಳಗೊಂಡರೆ ಮೊತ್ತ ಸೊನ್ನೆ. ಅಥವಾ ಎರಡನ್ನೂ ಹೊರಗಿಡಬೇಕು. ಒಂದು ಒಳಗೆ, ಒಂದು ಹೊರಗೆ ಬಿದ್ದರೆ ಮಾತ್ರ ಅಪಾಯ. ಗಾಜಿನ ಮೇಲೆ ತಂತಿಗಳ ನಕ್ಷೆ ಮೂಡಿಸುವ ಹೊಸ ಫೋಟೊಮಾಸ್ಕ್‌ಗಳಿಗೆ ಹಣ ಸುರಿಯುವ ಮೊದಲು ಈ ಅಂಚುಗಳನ್ನು ಅರ್ಧ ಮೈಕ್ರೊಸೆಕೆಂಡ್ ಅತ್ತಿತ್ತ ಸರಿಸಿ ನೋಡುವುದು ಒಳ್ಳೆಯದು, ಏಕೆಂದರೆ ಇದಕ್ಕೆ ಗಾಜಿನ ಮೇಲೆ ಏನನ್ನೂ ಬದಲಿಸಬೇಕಿಲ್ಲ.

ದ್ರವ ಸ್ಫಟಿಕ ಕೆಡದಂತೆ ಪಿಕ್ಸೆಲ್ ವೋಲ್ಟೇಜಿನ ಧನ-ಋಣ ಚಿಹ್ನೆಯನ್ನು ಪ್ರತಿ ಚಿತ್ರಕ್ಕೂ ತಿರುಗಿಸಬೇಕು. ಪಕ್ಕಪಕ್ಕದ ಡೇಟಾ ತಂತಿಗಳಿಗೆ ವಿರುದ್ಧ ಚಿಹ್ನೆ ಕೊಟ್ಟರೆ ಅವೆರಡರ ನಟ್ಟನಡುವೆ ಇರುವ ಓದು ತಂತಿಗೆ ಎರಡೂ ಕಡೆಯ ಪೆಟ್ಟು ಹೆಚ್ಚುಕಡಿಮೆ ಸರಿತೂಗುತ್ತದೆ. ಚಿತ್ರ ಸಮತಟ್ಟಾಗಿದ್ದಾಗ ಮಾತ್ರ ಹೀಗೆ. ಒಂದು ಬಿಟ್ಟು ಒಂದು ಕಪ್ಪಾಗುವ ಜಾಲರಿ ಚಿತ್ರ ಬಂದರೆ ತೂಕ ತಪ್ಪುತ್ತದೆ. ಹಳೆಯ ವಿಂಡೋಸ್‌ನಲ್ಲಿ ಕಂಪ್ಯೂಟರ್ ನಿಲ್ಲಿಸಲು ಹೊರಟಾಗ ಪರದೆಯಿಡೀ ಚುಕ್ಕಿಜಾಲರಿಯಾಗುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಆಗ ಹಲವು ಪರದೆಗಳು ಮಿನುಗುತ್ತಿದ್ದದ್ದು ಧನ-ಋಣಗಳ ಇಂತಹದೇ ತೂಕ ತಪ್ಪಿದ್ದರಿಂದ.

ಓದು ಮಂಡಲ ಮತ್ತು ಲೆಕ್ಕ

ಓದು ತಂತಿಯ ವೋಲ್ಟೇಜನ್ನು ಕದಲಲು ಬಿಡದೆ ಚಾರ್ಜನ್ನು ಮಾತ್ರ ಹೀರುವ ಆಂಪ್ಲಿಫೈಯರ್ ಇಟ್ಟರೆ ಒಂದು ಓದು ತಂತಿ ಇನ್ನೊಂದನ್ನು ಕದಡುವುದಿಲ್ಲ. ರೀಸೆಟ್ ಆದ ಕೂಡಲೇ ಒಮ್ಮೆ, ಬೆಳಕು ಬಿದ್ದ ಮೇಲೆ ಇನ್ನೊಮ್ಮೆ ಅಳೆದು ಕಳೆಯುವ ವೈಟ್ ಅವರ ವಿಧಾನ ಸ್ಥಿರ ದೋಷವನ್ನು ತೆಗೆಯುತ್ತದೆ. ಬೆಳಕು ಬೀಳದಂತೆ ಮುಚ್ಚಿದ ಸಂವೇದಕವನ್ನು ಪಕ್ಕದಲ್ಲಿಟ್ಟು, ಎರಡಕ್ಕೂ ಸಮಾನವಾಗಿ ತಗುಲಿದ್ದನ್ನು ಕಳೆಯುವುದು ಬೆಲ್‌ರ ಜೋಡಿತಂತಿಯ ತರ್ಕದ ಮುಂದುವರಿಕೆಯೇ. ಇದಕ್ಕೆ ಜಾಗ ದುಪ್ಪಟ್ಟು ಬೇಕು. ಹಿಂಬೆಳಕಿನ ಅವಕೆಂಪು ದೀಪವನ್ನು ಒಂದು ಚಿತ್ರಕ್ಕೆ ಹಚ್ಚಿ ಮುಂದಿನದಕ್ಕೆ ಆರಿಸಿ ವ್ಯತ್ಯಾಸ ತೆಗೆಯುವುದರಿಂದ ಸುತ್ತಲಿನ ಬೆಳಕಿನ ಜೊತೆ ತಂತಿಗಳ ಸ್ಥಿರ ದೋಷವೂ ಹೋಗುತ್ತದೆ. ಎರಡರ ನಡುವೆ ಚಿತ್ರ ಬದಲಾಗಿದ್ದರೆ ಡೇಟಾ ತಂತಿಯ ಪಾಲು ಹಾಗೆಯೇ ಉಳಿಯುತ್ತದೆ. ವಿಡಿಯೊ ಓಡುವಾಗಲೇ ಸ್ಪರ್ಶ ತಪ್ಪಾಗಿ ದಾಖಲಾದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಸಂವೇದಕದಿಂದ ಚಿತ್ರಕ್ಕೆ

ಅಡಚಣೆ ಹಿಮ್ಮುಖವಾಗಿಯೂ ಹರಿಯುತ್ತದೆ. ರೀಸೆಟ್ ತಂತಿ 7 ವೋಲ್ಟ್ ಜಿಗಿದು, ಪಿಕ್ಸೆಲ್‌ನೊಡನೆ ಅದಕ್ಕೆ 1 ಫೆಮ್ಟೊಫ್ಯಾರಡ್ ನಂಟಿದ್ದರೆ, 300 ಫೆಮ್ಟೊಫ್ಯಾರಡ್‌ನ ಪಿಕ್ಸೆಲ್ ಸುಮಾರು 23 ಮಿಲಿವೋಲ್ಟ್ ಕದಲುತ್ತದೆ. 5 ವೋಲ್ಟ್ ವ್ಯಾಪ್ತಿಯನ್ನು 256 ಮಟ್ಟಗಳಾಗಿ ಹಂಚಿದಾಗ ಒಂದು ಮಟ್ಟ ಸುಮಾರು 20 ಮಿಲಿವೋಲ್ಟ್. ದೋಷ ಒಂದು ಛಾಯೆಗಿಂತ ಹೆಚ್ಚಾಯಿತು. ಆದರೆ ದ್ರವ ಸ್ಫಟಿಕ ಚಿತ್ರಾವಧಿಯ ಒಟ್ಟು ಸರಾಸರಿಗೆ ಸ್ಪಂದಿಸುವುದರಿಂದ ಕೆಲವೇ ಮೈಕ್ರೊಸೆಕೆಂಡುಗಳ ಕದಲಿಕೆ ಕಣ್ಣಿಗೆ ಬೀಳದು. ರೀಸೆಟ್ ಏರಿದ್ದಾಗಲೇ ಪಿಕ್ಸೆಲ್‌ನ ಟ್ರಾನ್ಸಿಸ್ಟರ್ ಮುಚ್ಚಿದರೆ ಮಾತ್ರ ಆ ತಪ್ಪು ಮುಂದಿನ ಚಿತ್ರದವರೆಗೆ ಬೀಗ ಬಿದ್ದಂತೆ ಉಳಿದು, ನಸುಬೂದು ಹಿನ್ನೆಲೆಯಲ್ಲಿ ಅಡ್ಡಗೆರೆಯಾಗಿ ಕಾಣುತ್ತದೆ.

ಪರೀಕ್ಷೆ

ಪ್ಯಾನೆಲನ್ನು ಕತ್ತಲ ಪೆಟ್ಟಿಗೆಯಲ್ಲಿಟ್ಟು ಬೂದು ಹಿನ್ನೆಲೆಯ ನಡುವೆ ಕಪ್ಪು ಚೌಕವೊಂದನ್ನು ತೋರಿಸಿ ಸಂವೇದಕಗಳನ್ನು ಓದುತ್ತಾರೆ. ಓದಿದ ಚಿತ್ರದಲ್ಲಿ ಚೌಕದ ಮೇಲೂ ಕೆಳಗೂ ಕಂಬದಂತೆ ನೆರಳು ಚಾಚಿದ್ದರೆ ಡೇಟಾ ತಂತಿಯ ಸೋರಿಕೆ. ಎಡಬಲಕ್ಕೆ ಚಾಚಿದ್ದರೆ ಕಾಮನ್ ಇಲೆಕ್ಟ್ರೋಡ್ ಅಥವಾ ಸಾಲಿನ ತಂತಿಗಳದು. ಚೌಕದ ಜಾಗದಲ್ಲಿ ಮಾತ್ರ ಮಬ್ಬಾಗಿದ್ದರೆ ಅದು ಹಿಂಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಬಂದ ಬೆಳಕಿನ ದೋಷವೂ ಇರಬಹುದು. ಹಿಂಬೆಳಕನ್ನು ಆರಿಸಿ ಅದೇ ಪರೀಕ್ಷೆ ಮತ್ತೆ ಮಾಡಿದಾಗ ಉಳಿಯುವುದು ವಿದ್ಯುತ್ತಿನ ಪಾಲು. ಚೌಕದ ನಂತರ ಪಿಕ್ಸೆಲ್ ಜಾಲರಿಯನ್ನೂ ತೋರಿಸದೆ ಪರೀಕ್ಷೆ ಮುಗಿಸಬಾರದು.

ಒಎಲ್‌ಇಡಿ ಪರದೆಗಳು

ಫೋನುಗಳ ಒಎಲ್‌ಇಡಿ ಪರದೆಯಲ್ಲಿ ಬೆರಳಚ್ಚು ಓದುವ ಬೆಳಕಿನ ಸಂವೇದಕ 2018ರಿಂದ ಬಳಕೆಗೆ ಬಂತು. ಅವು ಪರದೆಯ ಕೆಳಗೆ ಕೂರುವ ಪ್ರತ್ಯೇಕ ಚಿಪ್‌ಗಳಾದ್ದರಿಂದ ತಂತಿಗಳ ಕ್ರಾಸ್‌ಟಾಕ್ ಅಷ್ಟಾಗಿ ಬಾಧಿಸುವುದಿಲ್ಲ. ಸ್ಯಾಮ್‌ಸಂಗ್ ಡಿಸ್‌ಪ್ಲೇ 2023ರಲ್ಲಿ ಸಾವಯವ ಫೋಟೊಡಯೋಡ್‌ಗಳನ್ನು ಪ್ಯಾನೆಲ್‌ನೊಳಗೇ ಹುದುಗಿಸಿದ ಒಎಲ್‌ಇಡಿಯನ್ನು ಪ್ರದರ್ಶಿಸಿತು. ಒಎಲ್‌ಇಡಿಯಲ್ಲಿ ವೋಲ್ಟೇಜಿನ ಚಿಹ್ನೆ ತಿರುಗಿಸುವ ಅಗತ್ಯವಿಲ್ಲದ್ದರಿಂದ ಡೇಟಾ ತಂತಿಯ ಜಿಗಿತ ಕಡಿಮೆ. ಆದರೆ ಒಂದೊಂದು ಪಿಕ್ಸೆಲ್‌ಗೂ ಹಲವು ಟ್ರಾನ್ಸಿಸ್ಟರ್, ಅವುಗಳಿಗೆ ತಕ್ಕಷ್ಟು ನಿಯಂತ್ರಣ ತಂತಿ ಮತ್ತು ವಿದ್ಯುತ್ ಪೂರೈಕೆಯ ತಂತಿ ಬೇಕಿರುವುದರಿಂದ ದಾಟುಗಳ ಸಂಖ್ಯೆ ಎಲ್‌ಸಿಡಿಗಿಂತ ಹೆಚ್ಚು.